ದಂಡೆಯಲ್ಲಿ ಸಿಕ್ಕ ಚಿಪ್ಪು ಯಾವ ಕುಟುಂಬದ್ದು? ಒಳಮೈ ನೋಡಿ ಹೇಳುವ ಕ್ರಮ

ಮಲ್ಪೆಗೋ ಗೋಕರ್ಣಕ್ಕೋ ಹೋಗಿ ಬಂದವರು ಅಂಗೈ ಮೇಲೆ ಚಿಪ್ಪು ಇಟ್ಟುಕೊಂಡು ಫೋಟೊ ಕಳಿಸುತ್ತಾರೆ. ಕೆಳಗೆ ಒಂದೇ ಸಾಲು: ‘ಇದು ಯಾವ ಚಿಪ್ಪು?’ ಹೆಚ್ಚಿನ ಫೋಟೊಗಳಲ್ಲಿ ಕಾಣುವುದು ಚಿಪ್ಪಿನ ಬೆನ್ನು ಮಾತ್ರ. ಬಣ್ಣ ಚೆಂದ ಇರುತ್ತದೆ, ಗೆರೆ ಚೆಂದ ಇರುತ್ತದೆ. ಆದರೆ ಉತ್ತರ ಹೇಳಲು ಬೇಕಾದದ್ದು ಇರುವುದು ಇನ್ನೊಂದು ಮಗ್ಗುಲಲ್ಲಿ. ಚಿಪ್ಪನ್ನು ಮಗುಚಿ ಒಳಗೆ ನೋಡಲು ಕಲಿತರೆ ಅದು ಯಾವ ಕುಟುಂಬದ್ದು ಅಂತ ನೀವೇ ಹೇಳಬಹುದು. ಅದಕ್ಕೆ ಪದವಿ ಬೇಕಿಲ್ಲ, ತಾಳ್ಮೆ ಬೇಕು.

ಇಲ್ಲಿ ಹೇಳುವುದು ಎರಡು ಹೋಳಿನ ಚಿಪ್ಪುಗಳ ಬಗ್ಗೆ ಮಾತ್ರ, ಅಂದರೆ ಮರುವಾಯಿ, ಬಳಚು, ನೀಲಿಕಲ್ಲು, ಸಿಂಪಿ ಇಂಥವು. ವಿಜ್ಞಾನದಲ್ಲಿ ಇವಕ್ಕೆ ಬೈವಾಲ್ವಿಯಾ ಎಂದು ಹೆಸರು. ಶಂಖ, ಕವಡೆ ಬೇರೆ ವರ್ಗ, ಅವುಗಳ ಲೆಕ್ಕಾಚಾರವೇ ಬೇರೆ. ಉದಾಹರಣೆಗಳನ್ನು ಕರ್ನಾಟಕದ ಕರಾವಳಿಯಿಂದಲೇ ಜಾಸ್ತಿ ತೆಗೆದುಕೊಂಡಿದ್ದೇನೆ. ಆದರೆ ಕ್ರಮ ಎಲ್ಲ ಕಡಲಿಗೂ ಒಂದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗುರಿ ಕುಟುಂಬ, ಅಂದರೆ ಹತ್ತಿರದ ಸಂಬಂಧಿಗಳ ದೊಡ್ಡ ಗುಂಪು; ಪ್ರಭೇದ ಅಲ್ಲ. ಈಗ ಬದುಕಿರುವ ಇಂಥ ಪ್ರಾಣಿಗಳಲ್ಲಿ ಸುಮಾರು 9 ಸಾವಿರ ಪ್ರಭೇದಗಳಿವೆ. ಒಂದೇ ಸವೆದ ಹೋಳು ಹಿಡಿದುಕೊಂಡು ಪ್ರಭೇದದ ಹೆಸರು ಹೇಳುವುದು ಎಷ್ಟೋ ಸಲ ತಜ್ಞರಿಗೂ ಆಗುವುದಿಲ್ಲ. ಕುಟುಂಬ ಸರಿಯಾಗಿ ಹೇಳಿದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದ ಹಾಗೆ.

ಏನೇನು ಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಸ್ಕೇಲು, ಟಾರ್ಚ್ ಅಥವಾ ಮೊಬೈಲಿನ ಬೆಳಕು, ಪೆನ್ಸಿಲ್, ಸಣ್ಣ ಚೀಟಿಗಳು, ಜಿಪ್ ಕವರು. ಇಷ್ಟು ಸಾಕು. ಚೀಟಿಗೆ ಪೆನ್ನು ಬೇಡ. ಉಪ್ಪುನೀರು ತಾಗಿದರೆ ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ.

ಹೋಗುವ ಹೊತ್ತು ನೋಡಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಜೋರಾಗಿರುತ್ತದೆ, ಮರಳು ಜಾಸ್ತಿ ಬಯಲಾಗುತ್ತದೆ. ಬಂಡೆಗಳ ಮೇಲೆ ನೀರಿಗೆ ಬೆನ್ನು ಹಾಕಿ ಕೂರಬೇಡಿ. ಮಳೆಗಾಲದಲ್ಲಿ ದಂಡೆಯಲ್ಲಿ ಚಿಪ್ಪು ರಾಶಿ ಬೀಳುತ್ತದೆ ನಿಜ, ಆದರೆ ಆ ಕಡಲು ಹುಡುಗಾಟದ್ದಲ್ಲ.

ಖಾಲಿ ಚಿಪ್ಪು ಮಾತ್ರ ಎತ್ತಿಕೊಳ್ಳಿ. ಎರಡೂ ಹೋಳು ಬಿಗಿಯಾಗಿ ಮುಚ್ಚಿಕೊಂಡಿದ್ದರೆ ಒಳಗೆ ಜೀವ ಇದೆ ಎಂದೇ ತಿಳಿದು ಅಲ್ಲೇ ಬಿಡಿ.

1. ಎರಡು ಹೋಳಿನದೇ ಅಂತ ಖಚಿತ ಮಾಡಿಕೊಳ್ಳಿ

ಸುಮ್ನೆ ಕೇಳಿದರೆ ಇದೇನು ಪ್ರಶ್ನೆ ಅನ್ನಿಸುತ್ತದೆ. ಆದರೆ ಟೋಪಿಯಾಕಾರದ ಲಿಂಪೆಟ್ ಚಿಪ್ಪನ್ನು ತುಂಬ ಜನ ‘ಒಂದು ಹೋಳು’ ಅಂತ ತಿಳಿಯುತ್ತಾರೆ. ಲಿಂಪೆಟ್ ಬಸವನಹುಳುವಿನ ಸಂಬಂಧಿ, ಅದಕ್ಕೆ ಇರುವುದೇ ಒಂದು ಚಿಪ್ಪು. ವ್ಯತ್ಯಾಸ ಸುಲಭ. ಎರಡು ಹೋಳಿನ ಚಿಪ್ಪಿನಲ್ಲಿ ಒಂದು ಅಂಚು ಉಳಿದ ಅಂಚಿಗಿಂತ ಬೇರೆ ಥರ ಇರುತ್ತದೆ: ದಪ್ಪಗೆ, ಹಲ್ಲು ಅಥವಾ ಗುಳಿಗಳ ಜೊತೆ. ಅದೇ ಕೀಲು. ಇನ್ನೊಂದು ಹೋಳು ಅಲ್ಲಿ ಸೇರಿಕೊಂಡಿತ್ತು. ಲಿಂಪೆಟ್ಟಿನ ಅಂಚು ಸುತ್ತಲೂ ಒಂದೇ ಥರ.

ಕೀಲಿನ ಮೇಲೆ ಉಬ್ಬಿಕೊಂಡಿರುವ ಮೂತಿಯಂಥ ಭಾಗಕ್ಕೆ ಅಂಬೊ ಎನ್ನುತ್ತಾರೆ. ಚಿಪ್ಪಿನ ಅತಿ ಹಳೆಯ ಭಾಗ ಅದು. ಮರಿ ಇದ್ದಾಗಿನ ಚಿಪ್ಪು ಅಲ್ಲಿಂದಲೇ ಶುರುವಾಗಿ, ಸುತ್ತ ಪದರ ಸೇರುತ್ತಾ ದೊಡ್ಡದಾಗಿದೆ.

2. ತೊಳೆಯಿರಿ, ಆದರೆ ಹದವಾಗಿ

ಸಿಹಿನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಬ್ರಷ್‌ನಿಂದ ಮರಳು ತೆಗೆಯಿರಿ. ಅಷ್ಟೇ. ನಿಂಬೆಹುಳಿ, ವಿನಿಗರ್ ಹಾಕಲೇಬೇಡಿ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ನೊರೆ ಬಂದು ಕರಗುತ್ತದೆ, ನೀವು ನೋಡಬೇಕಾದ ಸೂಕ್ಷ್ಮ ಗುರುತುಗಳು ಮೊದಲು ಹೋಗುತ್ತವೆ. ಬ್ಲೀಚ್ ಕೂಡ ಬೇಡ. ಹೊರಗಿನ ಕಂದು ಸಿಪ್ಪೆ, ಅಂದರೆ ಪೆರಿಯೋಸ್ಟ್ರಾಕಮ್ ಎನ್ನುವ ಪದರ, ಅದರಲ್ಲಿ ಕಿತ್ತುಹೋಗುತ್ತದೆ. ಕೆಲವು ಕುಟುಂಬ ಗುರುತಿಸಲು ಆ ಸಿಪ್ಪೆಯೇ ಆಧಾರ.

ಒಣಗಿದ ಮೇಲೆ ಒಳಮೈ ಮೇಲೆ ಮಾಡಿ ಇಡಿ. ಟಾರ್ಚನ್ನು ನೇರವಾಗಿ ಮೇಲಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಏನೂ ಇಲ್ಲದೆ ನುಣ್ಣಗೆ ಕಾಣುತ್ತಿದ್ದ ಬಿಳಿ ಮೈ ಮೇಲೆ ಗೆರೆ, ಗುರುತು ಒಂದೊಂದಾಗಿ ಎದ್ದು ಕಾಣುತ್ತವೆ. ಫೋಟೊ ತೆಗೆಯುವುದಾದರೂ ಇದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆಯಿರಿ.

3. ಹೊದಿಕೆಯ ಗೆರೆ ಹುಡುಕಿ

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಜೀವ ಇದ್ದಾಗ ಚಿಪ್ಪಿನ ಒಳಮೈಗೆ ಅಂಟಿಕೊಂಡು ತೆಳುವಾದ ಮಾಂಸದ ಹೊದಿಕೆ ಇರುತ್ತದೆ. ಅದರ ಹೆಸರು ಮ್ಯಾಂಟಲ್. ಚಿಪ್ಪನ್ನು ಕಟ್ಟುವುದು ಇದೇ. ಅಂಚಿನಿಂದ ಸ್ವಲ್ಪ ಒಳಗೆ ಈ ಹೊದಿಕೆ ಚಿಪ್ಪಿಗೆ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಪ್ರಾಣಿ ಸತ್ತ ಮೇಲೆ ಹಿಡಿದುಕೊಂಡಿದ್ದ ಜಾಗ ಒಂದು ಗೆರೆಯಾಗಿ ಉಳಿಯುತ್ತದೆ. ಅಂಚಿಗೆ ಸಮನಾಗಿ ಓಡುವ ಆ ಗೆರೆಗೆ ಪ್ಯಾಲಿಯಲ್ ಗೆರೆ ಎನ್ನುತ್ತಾರೆ.

ಒಂದು ಮರುವಾಯಿ ಚಿಪ್ಪು ತೆಗೆದುಕೊಂಡು ಈ ಗೆರೆಯ ಮೇಲೆ ಕಣ್ಣು ಓಡಿಸಿ. ಒಂದು ತುದಿಯ ಸ್ನಾಯು ಗುರುತಿನಿಂದ ಹೊರಟು ಕೆಳಅಂಚಿನ ಉದ್ದಕ್ಕೂ ಸಮನಾಗಿ ಬರುತ್ತದೆ. ಇನ್ನೊಂದು ತುದಿ ಹತ್ತಿರ ಬಂದಾಗ ನೇರ ಹೋಗಿ ಸೇರುವ ಬದಲು ತಟ್ಟನೆ ಒಳಗೆ ತಿರುಗುತ್ತದೆ, ಬಾಗಿ ವಾಪಸ್ ಬರುತ್ತದೆ, ಆಮೇಲೆ ಸ್ನಾಯು ಗುರುತಿಗೆ ಸೇರುತ್ತದೆ. ಒಳಕ್ಕೆ ಹೊಕ್ಕ ಆ ಬಾಗು ಪ್ಯಾಲಿಯಲ್ ಸೈನಸ್. ಬೆರಳಿನ ಉಗುರಿಗೆ ಸಿಗುವುದಿಲ್ಲ, ಓರೆ ಬೆಳಕಿಗೆ ಸಿಗುತ್ತದೆ: ಬಾಗಿನ ಒಳಗಡೆ ಮೈ ಸ್ವಲ್ಪ ಮಂಕು, ಹೊರಗಡೆ ಸ್ವಲ್ಪ ಹೊಳಪು.

ಈ ಬಾಗು ಯಾಕೆ ಬಂತು? ಮರಳಿನಲ್ಲಿ ಹೂತುಕೊಂಡು ಬದುಕುವ ಪ್ರಾಣಿ ಮೇಲಿನ ನೀರಿಗೆ ಎರಡು ನಳಿಗೆ ಚಾಚುತ್ತದೆ. ಒಂದರಿಂದ ನೀರು ಒಳಗೆ ಬರುತ್ತದೆ, ಕಿವಿರು ಅದರಿಂದ ಉಸಿರನ್ನೂ ತೆಗೆದುಕೊಳ್ಳುತ್ತದೆ, ಸೂಕ್ಷ್ಮ ಪಾಚಿಯನ್ನೂ ಸೋಸಿ ಬಾಯಿಗೆ ದಾಟಿಸುತ್ತದೆ. ಇನ್ನೊಂದರಿಂದ ನೀರು ಹೊರಗೆ ಹೋಗುತ್ತದೆ. ಈ ನಳಿಗೆಗಳ ಹೆಸರು ಸೈಫನ್. ಅಪಾಯ ಬಂದಾಗ ಸೈಫನ್ನು ಚಿಪ್ಪಿನೊಳಗೆ ಎಳೆದುಕೊಳ್ಳಬೇಕಲ್ವಾ? ಅದಕ್ಕೆ ಜಾಗ ಬೇಕು, ಆ ಜಾಗವೇ ಈ ಬಾಗು. ಹಾಗಾಗಿ ಬಾಗು ಆಳವಾಗಿದ್ದರೆ ಸೈಫನ್ ಉದ್ದ, ಪ್ರಾಣಿ ಆಳಕ್ಕೆ ಹೂತುಕೊಳ್ಳುವಂಥದ್ದು. ಬಾಗು ಕಡಿಮೆ ಇದ್ದರೆ ಮೇಲುಮೇಲೆ ಇರುವಂಥದ್ದು. ಬಾಗೇ ಇಲ್ಲದಿದ್ದರೆ ಉದ್ದ ಸೈಫನ್ ಇಲ್ಲ. ಬಂಡೆಗೆ ಅಂಟಿಕೊಂಡೋ ಮರಳಿನ ಮೇಲ್ಪದರದಲ್ಲೋ ಬದುಕಿದ್ದಿರಬಹುದು. ಸತ್ತು ಎಷ್ಟೋ ಕಾಲವಾದ ಪ್ರಾಣಿ ಹೇಗೆ ಬದುಕುತ್ತಿತ್ತು ಅಂತ ಒಂದು ಗೆರೆ ಹೇಳುತ್ತದೆ. ಪಳೆಯುಳಿಕೆ ನೋಡುವವರು ಇದನ್ನೇ ನೆಚ್ಚಿಕೊಳ್ಳುತ್ತಾರೆ.

ಎಡವುವ ಜಾಗ: ಅಲೆಗೆ ಉರುಳಿ ಸವೆದ ಚಿಪ್ಪಿನಲ್ಲಿ ಗೆರೆ ಅಳಿಸಿಹೋಗಿರುತ್ತದೆ. ಅದನ್ನು ನೋಡಿ ‘ಬಾಗು ಇಲ್ಲ’ ಅಂತ ಬರೆಯಬೇಡಿ. ಸವೆದದ್ದನ್ನು ಪಕ್ಕಕ್ಕಿಟ್ಟು ಅದೇ ಥರದ ಹೊಸ ಚಿಪ್ಪು ಹುಡುಕಿ.

4. ಹಿಂದೆ ಮುಂದೆ, ಎಡ ಬಲ

ಬಾಗು ಸಿಕ್ಕಿದ್ದರೆ ಇದು ಒಂದೇ ನಿಮಿಷದ ಕೆಲಸ. ಸೈಫನ್ ಇರುವುದು ಪ್ರಾಣಿಯ ಹಿಂಬದಿಗೆ. ಆದ್ದರಿಂದ ಬಾಗು ಇರುವ ಕಡೆಯೇ ಹಿಂದೆ. ಒಳಮೈ ನಿಮ್ಮ ಕಡೆಗೆ, ಅಂಬೊ ಮೇಲಕ್ಕೆ ಹಿಡಿಯಿರಿ. ಬಾಗು ನಿಮ್ಮ ಎಡಕ್ಕೆ ಬಂದರೆ ಎಡ ಹೋಳು, ಬಲಕ್ಕೆ ಬಂದರೆ ಬಲ ಹೋಳು.

ಅಂಬೊ ಪಕ್ಕದಲ್ಲಿ ಕಂದು ಬಣ್ಣದ, ರಬ್ಬರಿನ ಹಾಗೆ ಎಳೆಯುವ ಪಟ್ಟಿ ಉಳಿದಿದ್ದರೆ ಅದು ಲಿಗಮೆಂಟ್. ಬಹಳಷ್ಟು ಕುಟುಂಬಗಳಲ್ಲಿ ಅದು ಅಂಬೊ ಹಿಂದೆ ಇರುತ್ತದೆ, ಹಾಗಾಗಿ ಅದೂ ದಿಕ್ಕು ತೋರಿಸುತ್ತದೆ. ಇದರ ಕೆಲಸ ಚಿಪ್ಪು ತೆರೆಯುವುದು, ಸ್ನಾಯುಗಳ ಕೆಲಸ ಮುಚ್ಚುವುದು. ಸತ್ತಾಗ ಸ್ನಾಯು ಸಡಿಲವಾಗುತ್ತದೆ, ಪಟ್ಟಿ ಮಾತ್ರ ಎಳೆಯುತ್ತಲೇ ಇರುತ್ತದೆ. ಸತ್ತ ಮರುವಾಯಿ ಬಾಯಿ ಬಿಡುವುದು ಅದಕ್ಕೇ.

ಎಡವುವ ಜಾಗ: ‘ಅಂಬೊ ಯಾವ ಕಡೆಗೆ ಹತ್ತಿರವೋ ಅದೇ ಮುಂದೆ’ ಎಂದು ಕೆಲವರು ಹೇಳಿಕೊಡುತ್ತಾರೆ. ತುಂಬ ಕಡೆ ನಡೆಯುತ್ತದೆ, ಆದರೆ ಡೋನಾಕ್ಸ್ ಎನ್ನುವ ಬೆಣೆಯಾಕಾರದ ಚಿಪ್ಪಿನಲ್ಲಿ ಪೂರ್ತಿ ತಿರುಗಾಮುರುಗಾ. ಅದರಲ್ಲಿ ಗಿಡ್ಡವಾಗಿ ಕತ್ತರಿಸಿದಂತಿರುವ ತುದಿಯೇ ಹಿಂದೆ. ಅಲೆ ಬಡಿಯುವ ಮರಳಿನಲ್ಲಿ ಈ ಡೋನಾಕ್ಸ್ ನಮ್ಮ ದಂಡೆಗಳಲ್ಲೂ ಸಿಗುತ್ತದೆ. ಬಾಗು ನೋಡಿ ಹೇಳಿ, ಅಂಬೊ ನೋಡಿ ಹೇಳಬೇಡಿ.

5. ಸ್ನಾಯು ಗುರುತು ಎಣಿಸಿ

ಚಿಪ್ಪು ಮುಚ್ಚುವ ಸ್ನಾಯು ಅಂಟಿಕೊಂಡಿದ್ದ ಜಾಗ ಗುಂಡಗೆ ಅಥವಾ ಅಂಡಾಕಾರವಾಗಿ, ಸ್ವಲ್ಪ ಹೊಳಪಾಗಿ ಕಾಣುತ್ತದೆ. ಎರಡು ಒಂದೇ ಅಳತೆಯವು, ಎರಡು ಬೇರೆ ಬೇರೆ ಅಳತೆಯವು, ಅಥವಾ ನಡುವೆ ಒಂದೇ ಒಂದು. ಈ ಮೂರರಲ್ಲಿ ಯಾವುದು ಅಂತ ಬರೆದುಕೊಳ್ಳಿ. ಒಂದೇ ಇದ್ದರೆ ಸಿಂಪಿ, ಬೀಸಣಿಗೆಯಾಕಾರದ ಸ್ಕ್ಯಾಲಪ್, ಮುತ್ತಿನ ಸಿಂಪಿ ಕಡೆಗೆ ಹೋಗಿ. ಒಂದು ದೊಡ್ಡದು, ಇನ್ನೊಂದು ಪುಟ್ಟದು ಅಥವಾ ಇಲ್ಲವೇ ಇಲ್ಲ ಅನ್ನುವಂತಿದ್ದರೆ ನೀಲಿಕಲ್ಲಿನ ಬಳಗ.

6. ಕೀಲಿನ ಹಲ್ಲು ಓದಿ

ಹಲ್ಲು ಅಂದರೆ ಅಗಿಯುವ ಹಲ್ಲಲ್ಲ. ಈ ಪ್ರಾಣಿಗಳಿಗೆ ತಲೆಯೇ ಇಲ್ಲ, ಇನ್ನು ಹಲ್ಲೆಲ್ಲಿಂದ? ಎರಡು ಹೋಳು ಅತ್ತಿತ್ತ ಜಾರದಂತೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಉಬ್ಬು ತಗ್ಗುಗಳಿಗೆ ಕೀಲುಹಲ್ಲು ಎನ್ನುತ್ತಾರೆ. ಆಸ್ಟ್ರಿಯದ ಮೆಲ್ಕಿಯೋರ್ ನ್ಯೂಮಾಯರ್ 1880ರ ದಶಕದಲ್ಲಿ ಈ ಹಲ್ಲುಗಳನ್ನೇ ಹಿಡಿದು ಇಡೀ ವರ್ಗವನ್ನು ವಿಂಗಡಿಸಿದರು. ಈಗ ವಂಶವಾಹಿ ನೋಡಿ ವಿಂಗಡಿಸುತ್ತಾರೆ. ಆದರೂ ದಂಡೆಯಲ್ಲಿ ನಿಂತವರಿಗೆ ಹಲ್ಲೇ ಗತಿ.

ಮಸೂರದಲ್ಲಿ ನೋಡಿ, ಇವುಗಳಲ್ಲಿ ಯಾವುದು ಅಂತ ಹೇಳಿ:

ಬಾಚಣಿಗೆಯಂತೆ ಸಣ್ಣ ಸಣ್ಣ ಹಲ್ಲುಗಳ ಉದ್ದ ಸಾಲು. ಇದು ಟ್ಯಾಕ್ಸೊಡಾಂಟ್. ಸಾಲು ನೇರವಾಗಿದ್ದರೆ ಆರ್ಕ್ ಚಿಪ್ಪು. ಬಿಲ್ಲಿನಂತೆ ಬಾಗಿದ್ದು ಚಿಪ್ಪು ಗುಂಡಗಿದ್ದರೆ ಗ್ಲಿಸಿಮೆರಿಸ್ ಬಳಗ. ಚಿಪ್ಪು ಪುಟ್ಟದಾಗಿ, ಒಳಗೆ ಮುತ್ತಿನ ಹೊಳಪು ಇದ್ದರೆ ನ್ಯೂಕುಲಾ. ಅದು ಈ ವರ್ಗದ ಬಹಳ ಹಳೆಯ ಶಾಖೆಯದು.

ಅಂಬೊ ಕೆಳಗೆ ಎರಡು ಮೂರು ದಪ್ಪ ಹಲ್ಲು, ಜೊತೆಗೆ ಕೆಲವದರಲ್ಲಿ ಪಕ್ಕಕ್ಕೆ ಉದ್ದನೆಯ ಹಲ್ಲು. ಇದು ಹೆಟೆರೊಡಾಂಟ್. ಅಂಬೊ ಕೆಳಗಿನವಕ್ಕೆ ಕಾರ್ಡಿನಲ್ ಹಲ್ಲು, ಪಕ್ಕದವಕ್ಕೆ ಲ್ಯಾಟರಲ್ ಹಲ್ಲು ಎಂದು ಹೆಸರು. ದಂಡೆಯ ಮರಳಿನಲ್ಲಿ ಸಿಗುವ ಬಹುಪಾಲು ಚಿಪ್ಪು ಇದೇ ಜಾತಿ.

ಅಂಬೊ ಕೆಳಗೆ ತ್ರಿಕೋನದ ಗುಳಿ. ಲಿಗಮೆಂಟ್ ಹೊರಗಿಲ್ಲ, ಈ ಗುಳಿಯೊಳಗೆ ಇತ್ತು. ಪಕ್ಕದಲ್ಲಿ ತಲೆಕೆಳಗಾದ ‘ವಿ’ ಆಕಾರದ ಹಲ್ಲು ಕಂಡರೆ ಮ್ಯಾಕ್ಟ್ರಿಡೆ ಕುಟುಂಬದ ಎಡ ಹೋಳು ನಿಮ್ಮ ಕೈಲಿದೆ.

ಹಲ್ಲೇ ಇಲ್ಲ, ಅಥವಾ ಒಂದೆರಡು ಚುಕ್ಕೆಯಷ್ಟೇ. ನೀಲಿಕಲ್ಲು, ಸಿಂಪಿ.

ಎಡವುವ ಜಾಗ: ಕೆಲವು ಚಿಪ್ಪುಗಳ ಕೆಳಅಂಚಿನ ಒಳಗಡೆ ಸಣ್ಣ ಸಣ್ಣ ಕಚ್ಚುಗಳಿರುತ್ತವೆ. ಅವು ಕೀಲುಹಲ್ಲು ಅಲ್ಲ. ಹಲ್ಲು ನೋಡುವುದು ಅಂಬೊ ಇರುವ ಅಂಚಿನಲ್ಲಿ ಮಾತ್ರ. ಕಚ್ಚುಗಳನ್ನು ಬೇರೆಯಾಗಿ ಬರೆದುಕೊಳ್ಳಿ, ಅವೂ ಕೆಲಸಕ್ಕೆ ಬರುತ್ತವೆ.

7. ಈಗ ಬೆನ್ನು ನೋಡಬಹುದು

ಹೊರಮೈಯಲ್ಲಿ ಎರಡು ಥರದ ಗೆರೆ. ಅಂಬೊದಿಂದ ಅಂಚಿಗೆ ಹರಡುವ ಏಣುಗಳು, ಅಂಚಿಗೆ ಸಮನಾಗಿ ಸುತ್ತುವ ಉಂಗುರಗಳು. ಯಾವುದಿದೆ, ಎರಡೂ ಇವೆಯೇ, ಏಣು ಎಷ್ಟು, ಮೇಲೆ ಗಂಟು ಇದೆಯೇ ಅಂತ ಬರೆಯಿರಿ. ಸಿಪ್ಪೆ ಉಳಿದಿದ್ದರೆ ಅದರ ಬಣ್ಣವನ್ನೂ ಬರೆಯಿರಿ. ಚಿಪ್ಪಿನ ಬಣ್ಣ ಕೊನೆಯಲ್ಲಿರಲಿ. ಒಂದೇ ಪ್ರಭೇದದಲ್ಲಿ ಬಿಳಿ, ಕಂದು, ನೇರಳೆ, ಅಂಕುಡೊಂಕು ಗೆರೆಯದು ಎಲ್ಲ ಸಿಗುತ್ತವೆ.

ಉಂಗುರ ಎಣಿಸಿ ವಯಸ್ಸು ಹೇಳಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹೊರಗಿಂದ ಎಣಿಸಿ ಹೇಳಬೇಡಿ. ನದಿ ಕಡಲು ಸೇರುವ ನಮ್ಮ ಅಳಿವೆಗಳಲ್ಲಿ ಮಳೆಗಾಲದ ಸಿಹಿನೀರು ನುಗ್ಗಿದಾಗ ಉಪ್ಪು ಇಳಿದು ಬೆಳವಣಿಗೆ ನಿಲ್ಲುತ್ತದೆ, ಗೆರೆ ಬೀಳುತ್ತದೆ. ಬೇರೆ ಏನೇ ತೊಂದರೆ ಆದರೂ ಗೆರೆ ಬೀಳುತ್ತದೆ. ವರ್ಷಕ್ಕೊಂದೇ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಐಸ್‌ಲ್ಯಾಂಡ್ ಬಳಿ 2006ರಲ್ಲಿ ಸಿಕ್ಕ ಆರ್ಕ್ಟಿಕಾ ಐಲ್ಯಾಂಡಿಕಾ ಎಂಬ ಚಿಪ್ಪಿಗೆ 507 ವರ್ಷ ಎಂದು ಹೇಳಿದ್ದು ಬೆನ್ನು ನೋಡಿ ಅಲ್ಲ. ಚಿಪ್ಪನ್ನು ಕೊಯ್ದು, ಒಳಗಿನ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಬೇರೆ ಚಿಪ್ಪುಗಳ ಜೊತೆ ತಾಳೆ ನೋಡಿ ಹೇಳಿದ್ದು.

ಇನ್ನೊಂದು: ಅಂಬೊ ಹತ್ತಿರ ಗುಂಡನೆಯ ತೂತು. ಮಕ್ಕಳು ದಾರ ಪೋಣಿಸಿ ಸರ ಮಾಡುವುದು ಇಂಥವನ್ನೇ. ಅದು ಚಿಪ್ಪಿನ ಲಕ್ಷಣ ಅಲ್ಲ, ಕೊಲೆಯ ಗುರುತು. ತೂತಿನ ಬಾಯಿ ಅಗಲವಾಗಿ ಒಳಗೆ ಕಿರಿದಾಗುತ್ತಾ ಹೋಗಿದ್ದರೆ ನ್ಯಾಟಿಸಿಡೆ ಕುಟುಂಬದ ಬಸವನಹುಳು ಕೊರೆದದ್ದು. ನೇರವಾಗಿ ಇಳಿದಿದ್ದರೆ ಸಾಮಾನ್ಯವಾಗಿ ಮ್ಯೂರೆಕ್ಸ್ ಬಳಗದ ಬಸವನಹುಳುವಿನ ಕೆಲಸ.

8. ಬರೆದುಕೊಂಡದ್ದನ್ನು ಕುಟುಂಬಕ್ಕೆ ಹೊಂದಿಸಿ

ಈಗ ನಿಮ್ಮ ಚೀಟಿಯಲ್ಲಿ ಬಾಗು, ಸ್ನಾಯು, ಹಲ್ಲು, ಏಣು ನಾಲ್ಕೂ ಇವೆ. ಹೊಂದಿಸಿ ನೋಡೋಣ.

ವೆನೆರಿಡೆ. ಮರುವಾಯಿ, ಬಳಚು ಎಂದು ಮಾರುವುದರಲ್ಲಿ ಹೆಚ್ಚಿನವು ಇಲ್ಲಿಗೇ ಸೇರುತ್ತವೆ. ಸ್ನಾಯು ಗುರುತು ಎರಡು, ಹೆಚ್ಚುಕಡಿಮೆ ಸಮ. ಪ್ರತಿ ಹೋಳಿನಲ್ಲಿ ಮೂರು ಕಾರ್ಡಿನಲ್ ಹಲ್ಲು. ಬಾಗು ಇರುತ್ತದೆ. ಇದರಲ್ಲೇ ಎರಡನ್ನು ಬೇರ್ಪಡಿಸುವುದು ಕಲಿತರೆ ಮಾರುಕಟ್ಟೆಯಲ್ಲೂ ಉಪಯೋಗ. ಚಿಪ್ಪು ತ್ರಿಕೋನವಾಗಿ ದಪ್ಪಗೆ, ಹೊರಮೈ ನುಣ್ಣಗೆ ಹೊಳೆಯುತ್ತಿದ್ದು, ಬಾಗು ಬರೀ ನೆಪಕ್ಕೆ ಇದ್ದರೆ ಮೆರೆಟ್ರಿಕ್ಸ್. ಚಿಪ್ಪು ಅಂಡಾಕಾರವಾಗಿ, ಬೆನ್ನ ಮೇಲೆ ಕ್ರಮವಾದ ಉಂಗುರಗಳಿದ್ದು, ಬಾಗು ಆಳವಾಗಿ ‘ಯು’ ಆಕಾರಕ್ಕಿದ್ದರೆ ಪ್ಯಾಫಿಯಾ. ಕೇರಳದ ಅಷ್ಟಮುಡಿ ಸರೋವರದ ಪ್ಯಾಫಿಯಾ ಮೀನುಗಾರಿಕೆಗೆ 2014ರಲ್ಲಿ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಮಾನ್ಯತೆ ಸಿಕ್ಕಿತು. ಸಂತತಿ ಬರಿದಾಗದಂತೆ ಹಿಡಿಯುವ ಮೀನುಗಾರಿಕೆಗೆ ಆ ಸಂಸ್ಥೆ ಕೊಡುವ ಮಾನ್ಯತೆ ಅದು. ಭಾರತದಲ್ಲಿ ಆ ಮಾನ್ಯತೆ ಪಡೆದ ಮೊದಲ ಮೀನುಗಾರಿಕೆ ಅದು. ನಮ್ಮಲ್ಲಿ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ ಚಿಪ್ಪು ಆಯುವುದಕ್ಕೆ ಹೆಸರಾದ ಜಾಗ. 2024ರಲ್ಲಿ ಅದು ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು.

ಸೈರೆನಿಡೆ. ವೆನೆರಿಡೆ ಎಂದು ಮೋಸ ಹೋಗುವುದು ಇಲ್ಲೇ. ಅಳಿವೆಯ ಮೇಲ್ಭಾಗದಲ್ಲಿ, ಉಪ್ಪು ಕಡಿಮೆ ಇರುವ ಕಡೆ ಸಿಗುವ ಕಪ್ಪು ಚಿಪ್ಪು, ವಿಲ್ಲೊರಿಟಾ, ಈ ಕುಟುಂಬದ್ದು. ದಪ್ಪ ಕಪ್ಪುಗಂದು ಸಿಪ್ಪೆ, ಕಾರ್ಡಿನಲ್ ಹಲ್ಲಿನ ಎರಡೂ ಪಕ್ಕ ಲ್ಯಾಟರಲ್ ಹಲ್ಲು. ಸಿಪ್ಪೆಯನ್ನು ಬ್ಲೀಚ್ ಹಾಕಿ ತೆಗೆದವರಿಗೆ ಇದು ಸಿಕ್ಕುವುದಿಲ್ಲ.

ಆರ್ಸಿಡೆ, ಅಂದರೆ ಆರ್ಕ್ ಚಿಪ್ಪು. ನೇರ ಹಲ್ಲುಸಾಲು, ದಪ್ಪ ಏಣುಗಳು, ಬಾಗು ಇಲ್ಲ, ಅಂಬೊ ಮತ್ತು ಕೀಲಿನ ನಡುವೆ ಚಪ್ಪಟೆಯಾದ ಜಾಗ. ಏಣಿನ ಮೇಲೆ ಸಾಲು ಗಂಟುಗಳಿದ್ದರೆ ಟೆಗಿಲಾರ್ಕಾ ಗ್ರಾನೋಸಾ ಇರಬಹುದು. ಇದರ ರಕ್ತದಲ್ಲಿ ನಮ್ಮಂತೆಯೇ ಹಿಮೋಗ್ಲೋಬಿನ್ ಇದೆ, ಬಿಡಿಸಿದರೆ ಕೆಂಪು ರಸ ಬರುತ್ತದೆ. ರಕ್ತಚಿಪ್ಪು ಎನ್ನುವುದು ಅದಕ್ಕೇ.

ಕಾರ್ಡಿಡೆ. ಏಣು ಇವೆ, ಆದರೆ ಬಾಚಣಿಗೆ ಹಲ್ಲಿಲ್ಲ, ಬಾಗೂ ಇಲ್ಲ. ಅಂಚಿನಲ್ಲಿ ಏಣಿಗೆ ತಕ್ಕ ಕಚ್ಚು. ಬೆನ್ನು ಮಾತ್ರ ನೋಡಿದರೆ ಆರ್ಕ್ ಚಿಪ್ಪಿನ ಹಾಗೇ ಕಾಣುತ್ತದೆ, ಮಗುಚಿದ ತಕ್ಷಣ ಗೊತ್ತಾಗುತ್ತದೆ. ಹವಳದ ದಿಬ್ಬಗಳ ದೈತ್ಯ ಚಿಪ್ಪು ಟ್ರಿಡಾಕ್ನಾ ಕೂಡ ಇದೇ ಕುಟುಂಬದ್ದು. ಅದರ ಮಾಂಸದಲ್ಲಿ ಪಾಚಿ ಮನೆಮಾಡಿಕೊಂಡು ಬಿಸಿಲಿನಿಂದ ಆಹಾರ ತಯಾರಿಸಿ ಕೊಡುತ್ತದೆ. ಲಕ್ಷದ್ವೀಪಕ್ಕೆ ಹೋದವರು ಗಮನಿಸಿ: ಟ್ರಿಡಾಕ್ನಾ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಖಾಲಿ ಚಿಪ್ಪು ತಂದರೂ ಕೇಸು.

ಡೋನಾಸಿಡೆ, ಟೆಲ್ಲಿನಿಡೆ. ಎರಡಕ್ಕೂ ಬಾಗು ಆಳ. ಬೆಣೆಯಾಕಾರ, ಗಟ್ಟಿ ಚಿಪ್ಪು ಇದ್ದರೆ ಡೋನಾಸಿಡೆ. ಕಾಗದದಷ್ಟು ತೆಳು, ಚಪ್ಪಟೆ, ಹಿಂದಿನ ತುದಿ ಕೊಂಚ ಒಂದು ಕಡೆಗೆ ತಿರುಚಿಕೊಂಡಿದ್ದರೆ ಟೆಲ್ಲಿನಿಡೆ.

ಲೂಸಿನಿಡೆ. ಬಿಳಿ, ಗುಂಡನೆಯ ಚಿಪ್ಪು, ಬಾಗು ಇಲ್ಲ, ಮುಂದಿನ ಸ್ನಾಯು ಗುರುತು ಉದ್ದಕ್ಕೆ ಬೆರಳಿನಂತೆ ಚಾಚಿದೆ. ಕೊಳೆತ ಮೊಟ್ಟೆಯ ವಾಸನೆಯ ಕೆಸರಿನಲ್ಲಿ ಬದುಕುತ್ತದೆ. ಆ ಗಂಧಕದಿಂದಲೇ ಶಕ್ತಿ ತೆಗೆಯುವ ಬ್ಯಾಕ್ಟೀರಿಯಾ ಇದರ ಕಿವಿರಿನಲ್ಲಿವೆ. ನನಗೆ ಇದು ಎಲ್ಲಕ್ಕಿಂತ ಇಷ್ಟ, ಯಾಕೋ ಯಾರೂ ಫೋಟೊ ಕಳಿಸುವುದಿಲ್ಲ.

ಮೈಟಿಲಿಡೆ. ನೀಲಿಕಲ್ಲು, ತುಳುವಿನವರ ಪಚ್ಚಿಲೆ. ಅಂಬೊ ಚೂಪು ತುದಿಯಲ್ಲೇ ಇದೆ, ಅಂಚಿನಲ್ಲಿ ಹಸಿರು ಇದೆ ಅಂದರೆ ಪೆರ್ನಾ ವಿರಿಡಿಸ್. ಅಂಬೊ ತುದಿಯಿಂದ ಸ್ವಲ್ಪ ಹಿಂದೆ ಸರಿದಿದ್ದರೆ ಮೊಡಿಯೋಲಸ್ ಬಳಗ. ಬಂಡೆಗೆ ಹಿಡಿದುಕೊಳ್ಳಲು ಇವು ಬೈಸಸ್ ಎಂಬ ನಾರು ಬಿಡುತ್ತವೆ. ಅಡುಗೆಮನೆಯಲ್ಲಿ ಬಿಡಿಸುವಾಗ ಕೈಗೆ ಸಿಕ್ಕಿ ಕಿತ್ತೆಸೆಯುವ ಗಡ್ಡ ಅದೇ. ಮೊಟ್ಟೆಯ ಕಾಲದಲ್ಲಿ ಒಳಗಿನ ಮಾಂಸ ಕಿತ್ತಳೆ ಬಣ್ಣಕ್ಕಿದ್ದರೆ ಹೆಣ್ಣು, ಕೆನೆ ಬಣ್ಣಕ್ಕಿದ್ದರೆ ಗಂಡು.

ಆಸ್ಟ್ರೈಡೆ, ಅಂದರೆ ಸಿಂಪಿ. ಆಕಾರ ನಂಬಬೇಡಿ. ಕೂತ ಕಲ್ಲು ಹೇಗಿದೆಯೋ ಚಿಪ್ಪೂ ಹಾಗೇ ಬೆಳೆಯುತ್ತದೆ. ಎಡ ಹೋಳು ಕಲ್ಲಿಗೆ ಅಂಟಿರುತ್ತದೆ. ಸ್ನಾಯು ಗುರುತು ಒಂದೇ. ಅದು ಕಡು ನೇರಳೆಯಾಗಿದ್ದು ಒಳಅಂಚು ನುಣ್ಣಗಿದ್ದರೆ ಅಳಿವೆಯ ಸಿಂಪಿ. ಒಳಅಂಚಿನ ಉದ್ದಕ್ಕೂ ಸಣ್ಣ ಗುಳ್ಳೆಗಳ ಸಾಲು ಇದ್ದರೆ ಬಂಡೆಯ ಸಾಕೋಸ್ಟ್ರಿಯಾ. ಗೋವಾದ ಹಳೆಯ ಮನೆಗಳ ಕಿಟಕಿಗೆ ಗಾಜಿನ ಬದಲು ಹಾಕುತ್ತಿದ್ದ ಪ್ಲಾಕುನಾ ಈ ಕುಟುಂಬದ್ದಲ್ಲ. ಅದು ಚಪ್ಪಟೆ, ಬೆಳಕು ಹಾಯುವಷ್ಟು ತೆಳು, ಕೀಲಿನಲ್ಲಿ ‘ವಿ’ ಆಕಾರದ ಏಣು ಇರುತ್ತದೆ.

ಇದರಲ್ಲಿ ಯಾವುದಕ್ಕೂ ಹೊಂದದಿದ್ದರೆ ಬಲವಂತ ಮಾಡಬೇಡಿ. ‘ಕುಟುಂಬ ಗೊತ್ತಿಲ್ಲ’ ಎಂದು ಬರೆದು ನಾಲ್ಕು ಲಕ್ಷಣ ಜೊತೆಗಿಡಿ. ತಪ್ಪು ಹೆಸರಿಗಿಂತ ಅದು ಮೇಲು.

ಮೇಲಿನ ದೊಡ್ಡ ಗುಂಪುಗಳು ಬೇಕೆನ್ನುವವರಿಗೆ: ಆರ್ಕ್, ನೀಲಿಕಲ್ಲು, ಸಿಂಪಿ, ಸ್ಕ್ಯಾಲಪ್, ಪ್ಲಾಕುನಾ ಇವೆಲ್ಲ ಟೆರಿಯೊಮಾರ್ಫಿಯಾ. ವೆನೆರಿಡೆ, ಸೈರೆನಿಡೆ, ಕಾರ್ಡಿಡೆ, ಡೋನಾಸಿಡೆ, ಟೆಲ್ಲಿನಿಡೆ, ಲೂಸಿನಿಡೆ, ಮ್ಯಾಕ್ಟ್ರಿಡೆ ಎಲ್ಲ ಹೆಟೆರೊಡಾಂಟಾ. ಮರದ ದೋಣಿ ಕೊರೆಯುವ ‘ಹಡಗುಹುಳು’ ಟೆರೆಡೊ ಕೂಡ ಹುಳು ಅಲ್ಲ, ಹೆಟೆರೊಡಾಂಟಾದ್ದೇ. ನ್ಯೂಕುಲಾ ಪ್ರೊಟೊಬ್ರಾಂಕಿಯಾಕ್ಕೆ ಸೇರುತ್ತದೆ.

9. ಹೆಸರು ಪರಿಶೀಲಿಸಿ

ಹಳೆಯ ಪುಸ್ತಕದ ಹೆಸರು ಈಗ ನಡೆಯದೇ ಇರಬಹುದು. ಕ್ರಾಸೋಸ್ಟ್ರಿಯಾ ಮದ್ರಾಸೆನ್ಸಿಸ್ ಎಂದು ನಮ್ಮ ಪುಸ್ತಕಗಳಲ್ಲಿರುವ ಅಳಿವೆಯ ಸಿಂಪಿ ಈಗ ಮಗಲ್ಲಾನಾ ಬೈಲಿನಿಯೇಟಾ. ಅನಡಾರಾ ಗ್ರಾನೋಸಾ ಈಗ ಟೆಗಿಲಾರ್ಕಾ ಗ್ರಾನೋಸಾ. ವರ್ಲ್ಡ್ ರಿಜಿಸ್ಟರ್ ಆಫ್ ಮರೀನ್ ಸ್ಪೀಶೀಸ್ ಎಂಬ ಜಾಲತಾಣ ಉಚಿತ. ಹಳೆಯ ಹೆಸರು ಹಾಕಿದರೂ ಈಗಿನದನ್ನು ತೋರಿಸುತ್ತದೆ.

ಹೆಸರಿನ ಮುಂದೆ ಲಿನೇಯಸ್, 1758 ಎಂದು, ಅಂದರೆ ಹೆಸರಿಟ್ಟ ವಿಜ್ಞಾನಿ ಮತ್ತು ವರ್ಷ, ಆವರಣದೊಳಗೆ ಬರೆದಿರುವುದನ್ನು ನೋಡಿರುತ್ತೀರಿ. ಆವರಣ ಅಲಂಕಾರಕ್ಕಲ್ಲ. ಹೆಸರಿಟ್ಟವರು ಬೇರೆ ಕುಲದಲ್ಲಿ (ಎರಡು ಪದದ ಹೆಸರಿನ ಮೊದಲ ಪದ ಕುಲದ್ದು) ಇಟ್ಟಿದ್ದರು, ಆಮೇಲೆ ಕುಲ ಬದಲಾಯಿತು ಎಂದು ಅದರ ಅರ್ಥ. ಲಿನೇಯಸ್ ರಕ್ತಚಿಪ್ಪನ್ನು ಆರ್ಕಾ ಕುಲದಲ್ಲಿ ಇಟ್ಟಿದ್ದರು. ಕುಲ ಬದಲಾಗಿಲ್ಲದಿದ್ದರೆ ಆವರಣ ಹಾಕುವಂತಿಲ್ಲ.

ತಿನ್ನುವವರಿಗೆ ಒಂದು ಎಚ್ಚರಿಕೆ

ಹೆಸರು ಗೊತ್ತಾಯಿತು ಅಂದರೆ ತಿನ್ನಬಹುದು ಅಂತ ಅರ್ಥ ಅಲ್ಲ. ಇವು ನೀರು ಸೋಸುವ ಪ್ರಾಣಿಗಳು, ನೀರಿನಲ್ಲಿ ವಿಷಪಾಚಿ ಇದ್ದರೆ ಅದೂ ಮಾಂಸದಲ್ಲಿ ಸೇರುತ್ತದೆ. 1983ರಲ್ಲಿ ಮಂಗಳೂರಿನ ಹತ್ತಿರ ಮೆರೆಟ್ರಿಕ್ಸ್ ತಿಂದವರಿಗೆ ಪಾರ್ಶ್ವವಾಯು ತರುವ ಚಿಪ್ಪುವಿಷ ಏರಿ ಒಬ್ಬ ಹುಡುಗ ತೀರಿಕೊಂಡ. ಸ್ಯಾಕ್ಸಿಟಾಕ್ಸಿನ್ ಎಂಬ ಆ ವಿಷ ಬೇಯಿಸಿದರೆ ಹೋಗುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ತಿಂದ ಮೇಲೆ ತುಟಿ, ನಾಲಗೆ, ಬೆರಳು ಜೋಮು ಹಿಡಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಚಿಪ್ಪು ತಿಂದಿದ್ದನ್ನು ಮರೆಯದೆ ಹೇಳಿ.

10. ಚೀಟಿ ಬರೆದು ಎತ್ತಿಡಿ

ಚೀಟಿಯಲ್ಲಿ ಸಿಕ್ಕ ಜಾಗ, ತಾರೀಖು, ಮರಳೋ ಕೆಸರೋ ಬಂಡೆಯೋ, ಆ ಊರಿನವರು ಅದಕ್ಕೆ ಏನು ಅನ್ನುತ್ತಾರೆ ಇಷ್ಟು ಇರಲಿ. ಊರಿನ ಹೆಸರು ಬರೆದದ್ದು ಒಳ್ಳೆಯದೇ. ಆದರೆ ಅದನ್ನೇ ಪ್ರಭೇದ ಎಂದು ತಿಳಿಯಬೇಡಿ. ಒಂದೇ ಹೆಸರು ಎರಡು ಮೂರು ಚಿಪ್ಪಿಗೆ ನಡೆಯುತ್ತದೆ. ಚೀಟಿ ಇಲ್ಲದ ಚಿಪ್ಪು ಷೋಕೇಸಿಗೆ ಆದೀತು, ಕಲಿಯುವುದಕ್ಕೆ ಆಗುವುದಿಲ್ಲ.

ಎತ್ತಿಡುವಾಗ ಮರದ ಪೆಟ್ಟಿಗೆ, ಪ್ಲೈವುಡ್ ಕಪಾಟು ಬೇಡ. ಮರದಿಂದ ಹೊರಡುವ ಆಮ್ಲದ ಆವಿಗೆ ತೇವ ಸೇರಿದರೆ ಚಿಪ್ಪಿನ ಮೇಲೆ ಬಿಳಿ ಪುಡಿ ಏಳುತ್ತದೆ, ಮೈ ತಿಂದುಹೋಗುತ್ತದೆ. 1899ರಲ್ಲಿ ಇದರ ಬಗ್ಗೆ ಬರೆದ ಲಾಫ್ಟಸ್ ಬೈನ್ ಹೆಸರಿನಲ್ಲಿ ಬೈನ್ ರೋಗ ಎಂದೇ ಕರೆಯುತ್ತಾರೆ, ಆದರೆ ಅದು ಅಂಟುಜಾಡ್ಯ ಅಲ್ಲ. ಕರಾವಳಿಯ ಮಳೆಗಾಲದಲ್ಲಿ ಇದು ಬೇಗ ಶುರುವಾಗುತ್ತದೆ. ಉಪ್ಪು ಹೋಗುವಂತೆ ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಪುಡಿ ಕಂಡ ಚಿಪ್ಪನ್ನು ಮತ್ತೆ ನೀರಲ್ಲಿ ನೆನೆಸಿ, ಒಣಗಿಸಿ, ಡಬ್ಬಿ ಬದಲಾಯಿಸಿ.